‘ಶಾಣ್ಯಾ ಅದಾನ್ರಿ, ಓದೂದಷ್ಟ ಬರವಲ್ದು’: ಮಗುವಿಗೆ ತಪಾಸಣೆ ಬೇಕಾ, ಬೇಡ್ವಾ?

ಪಾಲಕರ ಸಭೆಯಲ್ಲಿ ಈ ಮಾತು ಕೇಳದ ವರ್ಷವೇ ನನಗೆ ನೆನಪಿಲ್ಲ. “ನಮ್ಮ ಹುಡುಗ ಶಾಣ್ಯಾ ಅದಾನ್ರಿ ಅಕ್ಕೋರ, ಓದೂದು ಬರಿಯೂದಷ್ಟ ಆಗವಲ್ದು.” ಹೇಳುವವರ ಮುಖದಲ್ಲಿ ಅರ್ಧ ಹೆಮ್ಮೆ, ಅರ್ಧ ನಾಚಿಕೆ. ಹುಡುಗ ಟ್ರ್ಯಾಕ್ಟರಿನ ಒಂದೊಂದು ಭಾಗದ ಹೆಸರನ್ನೂ ಹೇಳುತ್ತಾನೆ. ಸಂತೆಗೆ ಕಳಿಸಿದರೆ ಚಿಲ್ಲರೆ ತಪ್ಪದೆ ಎಣಿಸಿ ತರುತ್ತಾನೆ. ಹೋದ ವರ್ಷದ ಜಾತ್ರೆಯಲ್ಲಿ ಯಾರ ಎತ್ತಿಗೆ ಬಹುಮಾನ ಬಂತು ಅಂತ ಇವನನ್ನೇ ಕೇಳಬೇಕು. ಆದರೆ ನಾಲ್ಕನೇ ತರಗತಿ ಪುಸ್ತಕ ಕೈಗೆ ಕೊಟ್ಟರೆ ಎರಡು ಸಾಲು ದಾಟುವಷ್ಟರಲ್ಲಿ ಬೆವರುತ್ತಾನೆ.

ನಾನು ಬಾಗಲಕೋಟೆ ಜಿಲ್ಲೆಯ ಕನ್ನಡ ಸಾಲಿಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು. ನೇಕಾರರ ಮಕ್ಕಳು, ತಾಂಡಾದ ಮಕ್ಕಳು, ಕಬ್ಬು ಕಡಿಯುವ ಗ್ಯಾಂಗಿಗೆ ಹೋಗುವವರ ಮಕ್ಕಳು ನನ್ನ ಮುಂದೆ ಕೂತಿದ್ದಾರೆ. ಮೊದಲ ಹತ್ತು ವರ್ಷ ನನ್ನ ಬಳಿ ಈ ಮಾತಿಗೆ ಒಂದೇ ಉತ್ತರ ಇತ್ತು: “ಮನ್ಯಾಗ ಕುಂಡರಿಸಿ ಓದಸ್ರಿ.” ಅದು ಉತ್ತರವೇ ಅಲ್ಲ ಅಂತ ಗೊತ್ತಾಗಲು ಬಹಳ ದಿನ ಹಿಡಿಯಿತು. ನಾನು ಡಾಕ್ಟರ್ ಅಲ್ಲ. ಆದರೆ ಯಾವ ಮಗುವನ್ನು ತಪಾಸಣೆಗೆ ಕಳಿಸಬೇಕು, ಯಾವ ಮಗುವಿಗೆ ಸ್ವಲ್ಪ ಸರಿಯಾಗಿ ಕಲಿಸಿದರೆ ಸಾಕು ಅನ್ನುವ ಮೊದಲ ತೀರ್ಮಾನ ಡಾಕ್ಟರ್ ಹತ್ತಿರ ಆಗುವುದೇ ಇಲ್ಲ. ಅದು ಮನೆಯಲ್ಲಿ, ತರಗತಿಯಲ್ಲಿ ಆಗುತ್ತದೆ.

ತಪಾಸಣೆ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಈಗ ಎಲ್ಲರೂ ‘ಅಸೆಸ್‌ಮೆಂಟ್’ ಅನ್ನುತ್ತಾರೆ. ಮಗು ಕಲಿಯುವ ದಾರಿಯಲ್ಲಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುವ ಕೆಲಸ ಅದು. ಮಗ್ಗದ ಮೇಲೆ ಸೀರೆಯಲ್ಲಿ ಗೆರೆ ಬಿದ್ದರೆ ನೇಕಾರ ಸೀರೆಯನ್ನು ಬೈಯುತ್ತಾ ಕೂರುವುದಿಲ್ಲ, ಯಾವ ಎಳೆ ಹರಿದಿದೆ ಅಂತ ನೋಡುತ್ತಾನೆ. ಇಲ್ಲೂ ಹಾಗೆಯೇ. ಕಿವಿಯಾ, ಕಣ್ಣಾ, ಮಾತಾ, ಗಮನವಾ, ಅಕ್ಷರ ಮತ್ತು ಸದ್ದನ್ನು ಜೋಡಿಸುವ ಶಕ್ತಿಯಾ, ಒಟ್ಟಾರೆ ಬುದ್ಧಿಯ ಬೆಳವಣಿಗೆಯಾ? ಒಂದೊಂದಕ್ಕೂ ಬೇರೆ ಬೇರೆ ನೆರವು ಬೇಕು.

ಕನ್ನಡ ಕಲಿಯುವುದೇ ಸಾವಕಾಶದ ಕೆಲಸ

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಡಿಸ್ಲೆಕ್ಸಿಯಾದ, ಅಂದರೆ ಓದಿನ ನ್ಯೂನತೆಯ, ಲಕ್ಷಣ ಅಂತ ಮೊದಲು ಸಿಗುವುದು ಇಂಗ್ಲಿಷಿನ ಬಿ ಮತ್ತು ಡಿ ಅಕ್ಷರ ತಿರುಗಿಸಿ ಬರೆಯುವುದು. ಕನ್ನಡ ಸಾಲಿಯ ಮಗುವಿಗೆ ಅದರಿಂದ ಏನು ಉಪಯೋಗ? ನಮ್ಮ ಲಿಪಿಯ ಕಷ್ಟವೇ ಬೇರೆ.

ಸುಮ್ನೆ ಲೆಕ್ಕ ಹಾಕಿ ನೋಡಿ. ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ ವ್ಯಂಜನ 34. ಒಂದೊಂದಕ್ಕೂ ಕಾಗುಣಿತದಲ್ಲಿ 15 ರೂಪ. ಅಲ್ಲಿಗೇ 510 ಆಯಿತು. ಇದರ ಮೇಲೆ ಒತ್ತಕ್ಷರ. ಇಂಗ್ಲಿಷಿನ ಮಗು 26 ಅಕ್ಷರದ ಆಕಾರ ಕಲಿತರೆ ಆಕಾರದ ಕೆಲಸ ಬಹುಪಾಲು ಮುಗಿಯಿತು. ನಮ್ಮ ಮಗುವಿಗೆ ಅದು ಎರಡು ಮೂರು ವರ್ಷ ನಡೆಯುತ್ತಲೇ ಇರುತ್ತದೆ. ಕನ್ನಡದ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತ್ತು. ಅಕ್ಷರಗಳ ಕಲಿಕೆ ಮೊದಲೆರಡು ವರ್ಷದಲ್ಲಿ ಮುಗಿಯುವುದಿಲ್ಲ, ಅದರ ಆಚೆಗೂ ಸಾಗುತ್ತದೆ.

ಹಾಗಾಗಿ ಎರಡನೇ ತರಗತಿಯ ಮಗು ‘ಮಗ್ಗ’ವನ್ನು ‘ಮಗ’ ಅಂತ ಓದಿದರೆ, ‘ಕೀಲಿ’ಯನ್ನು ‘ಕಿಲಿ’ ಅಂತ ಬರೆದರೆ ಹೆದರುವುದು ಬೇಡ. ‘ಪ’ ಮತ್ತು ‘ಷ’, ‘ವ’ ಮತ್ತು ‘ಮ’ ಅದಲು ಬದಲಾಗುವುದೂ ಮಾಮೂಲಿ. ನಾಲ್ಕನೇ ತರಗತಿ ನಡುವಿಗೆ ಬಂದರೂ ಅದೇ ತಪ್ಪು ಅಷ್ಟೇ ಜಾಸ್ತಿ ಇದ್ದರೆ, ಜೊತೆಯವರು ಮುಂದೆ ಹೋಗಿ ಇವನೊಬ್ಬ ಅಲ್ಲೇ ನಿಂತಿದ್ದರೆ, ಆಗ ಕಿವಿ ನೆಟ್ಟಗೆ ಮಾಡಿ.

ಇನ್ನೊಂದು ಮಾತು. ನಮ್ಮ ಕಡೆಯ ಮಗು ‘ಇದೆ’ ಅನ್ನುವ ಕಡೆ ‘ಐತಿ’ ಅಂತ ಬರೆದರೆ ಅದು ಕಲಿಕೆಯ ತೊಂದರೆ ಅಲ್ಲ. ಅದು ಮಗು ಕೇಳಿದ ಕನ್ನಡ. ‘ಧನ’ಕ್ಕೆ ‘ದನ’ ಅಂತ ಬರೆದರೂ ಅಷ್ಟೇ, ನಮ್ಮ ಮಾತಿನಲ್ಲಿ ಮಹಾಪ್ರಾಣ ಕೇಳುವುದೇ ಅಪರೂಪ. ಕೇಳದ ಸದ್ದನ್ನು ಬರೆಯಲಿಲ್ಲ ಅಂತ ಮಗುವನ್ನು ಯಾಕೆ ಬೈಯಬೇಕು? ಬೆಳಗಾವಿ ಕಡೆ ಮನೆಯಲ್ಲಿ ಮರಾಠಿ ಇರುತ್ತದೆ. ವಿಜಯಪುರದ ಓಣಿಗಳಲ್ಲಿ ಉರ್ದು, ತಾಂಡಾದಲ್ಲಿ ಲಂಬಾಣಿ. ಆರು ವರ್ಷ ಒಂದು ಭಾಷೆಯಲ್ಲಿ ಬದುಕಿದ ಮಗುವನ್ನು ಒಮ್ಮೆಲೇ ಇನ್ನೊಂದು ಭಾಷೆಯಲ್ಲಿ ಓದು ಅಂದರೆ ಅದು ತಡವರಿಸುವುದು ಸಹಜ. ಇಂಥ ಕಡೆ ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: “ಮನ್ಯಾಗ, ನಿಮ್ಮ ಮಾತಿನ್ಯಾಗ, ಹ್ಯಾಂಗ ಮಾತಾಡ್ತಾನ?” ಲಂಬಾಣಿಯಲ್ಲಿ ಕಥೆ ಹೇಳುತ್ತಾನೆ, ಜಗಳ ಆಡುತ್ತಾನೆ, ಸುಳ್ಳೂ ಹೇಳುತ್ತಾನೆ ಅಂದರೆ ಅವನಿಗೆ ಬೇಕಾಗಿರುವುದು ಕನ್ನಡದ ಜೊತೆ ಇನ್ನಷ್ಟು ಒಡನಾಟ. ಮನೆ ಭಾಷೆಯಲ್ಲೂ ಪದ ಹುಡುಕುತ್ತಾನೆ, ಓರಗೆಯವರಿಗಿಂತ ಚಿಕ್ಕ ವಾಕ್ಯ ಆಡುತ್ತಾನೆ ಅಂದರೆ ಮಾತಿನ ತಪಾಸಣೆ ಬೇಕು.

ಕಬ್ಬಿನ ಗ್ಯಾಂಗಿನ ಮಕ್ಕಳ ಲೆಕ್ಕವೇ ಬೇರೆ. ದೀಪಾವಳಿ ಹೊತ್ತಿಗೆ ಊರು ಬಿಟ್ಟವರು ಯುಗಾದಿ ಹೊತ್ತಿಗೆ ಬರುತ್ತಾರೆ. ಜೂನ್‌ನಲ್ಲಿ ಸಾಲಿ ಶುರು, ಅಕ್ಟೋಬರ್–ನವೆಂಬರ್‌ಗೆ ಮಗು ಕಾಣೆ. ನಾಲ್ಕನೇ ತರಗತಿಗೆ ಬಂದ ಆ ಹುಡುಗ ನಿಜವಾಗಿ ಸಾಲಿಯಲ್ಲಿ ಕೂತಿದ್ದು ಎರಡು ವರ್ಷದಷ್ಟು. ಅವನ ಓದನ್ನು ಎರಡನೇ ತರಗತಿಯವರ ಓದಿನ ಜೊತೆ ಹೋಲಿಸಿ ನೋಡಬೇಕು. ಹಾಜರಿ ಪುಸ್ತಕ ತೆಗೆದು ನೋಡದೆ ‘ದಡ್ಡ’ ಅನ್ನುವುದು ನಾವು ಮಾಡುವ ದೊಡ್ಡ ಅನ್ಯಾಯ. ಹಾಗಂತ ಇದರ ಇನ್ನೊಂದು ಮಗ್ಗುಲೂ ಇದೆ. “ತಾಂಡಾದವ, ಸಾಲಿಗೆ ಬಂದಿಲ್ಲ, ಅದಕ್ಕ ಬರಂಗಿಲ್ಲ” ಅಂತ ಎಲ್ಲದಕ್ಕೂ ಅದನ್ನೇ ಕಾರಣ ಮಾಡಿದರೆ, ಅದೇ ತಾಂಡಾದಲ್ಲಿ ನಿಜವಾಗಿ ತೊಂದರೆ ಇರುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಅಣ್ಣ ತಂಗಿ ಇಬ್ಬರೂ ಅಷ್ಟೇ ತಿಂಗಳು ಗ್ಯಾಂಗಿಗೆ ಹೋಗಿ ಬಂದಿರುತ್ತಾರೆ. ತಂಗಿ ಓದುತ್ತಾಳೆ, ಅಣ್ಣನಿಗೆ ಬರುವುದಿಲ್ಲ. ಅಲ್ಲಿಗೆ ಕಬ್ಬನ್ನು ದೂರಿ ಕೂತರೆ ಆಗದು.

ಕಿವಿ, ಕಣ್ಣು, ರಕ್ತ

ಇದರಲ್ಲಿ ನನ್ನದೇ ಒಂದು ತಪ್ಪಿದೆ. ಮೂರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಉಕ್ತಲೇಖನದಲ್ಲಿ ಹತ್ತಕ್ಕೆ ಎರಡು. ಕರೆದರೆ ತಿರುಗುತ್ತಿರಲಿಲ್ಲ. ‘ಲಕ್ಷ್ಯ ಇಲ್ಲ’ ಅಂತ ಬೈದು ಹಿಂದಿನ ಸಾಲಿಗೆ ಕಳಿಸಿದೆ. ಆರು ತಿಂಗಳು ಆ ಮಗು ಹಿಂದೆಯೇ ಕೂತಿತ್ತು. ಕಿವಿ ಸೋರುತ್ತಿತ್ತಂತೆ. ಅಜ್ಜಿ ಬಿಸಿ ಎಣ್ಣೆ ಹಾಕುತ್ತಿದ್ದರಂತೆ. ಕೊನೆಗೆ ಕಿವಿ ಡಾಕ್ಟರ್ ನೋಡಿ ತಮಟೆಯಲ್ಲಿ ತೂತು ಇದೆ ಅಂದರು. ಚಿಕಿತ್ಸೆ ಆಯಿತು, ಮುಂದಿನ ಸಾಲಿಗೆ ಕೂರಿಸಿದೆವು, ಆ ವರ್ಷವೇ ಹುಡುಗಿ ಓದಲು ಹತ್ತಿದಳು. ಸೋರುವ ಕಿವಿಗೆ ಎಣ್ಣೆ ಹಾಕಬಾರದು ಅಂತ ಅವತ್ತಿನಿಂದ ಸಿಕ್ಕ ಸಿಕ್ಕ ಅಜ್ಜಿಯರಿಗೆಲ್ಲ ಹೇಳುತ್ತಾ ಬಂದಿದ್ದೇನೆ.

ಆಮೇಲೆ ಕಲಿತ ಒಂದು ಉಪಾಯ. ಉಕ್ತಲೇಖನದಲ್ಲಿ ಜಾಸ್ತಿ ತಪ್ಪು, ಆದರೆ ನೋಡಿ ಬರೆಯುವುದು, ಓದುವುದು ಸರಿ ಇದ್ದರೆ ಕಿವಿಯ ಮೇಲೆ ಅನುಮಾನ ಪಡಿ. ಬೋರ್ಡ್ ನೋಡಿ ಬರೆಯುವಾಗ ತಪ್ಪು, ಪುಸ್ತಕ ನೋಡಿ ಬರೆದರೆ ಸರಿ ಅಂದರೆ ಕಣ್ಣು. ಪಾಠದ ನಡುವೆ ಕೆಲವು ಸೆಕೆಂಡು ಕಣ್ಣು ಒಂದೇ ಕಡೆ ನೆಟ್ಟು, ಕರೆದರೂ ಮುಟ್ಟಿದರೂ ಗೊತ್ತಾಗದೆ, ಆಮೇಲೆ ಏನೂ ಆಗದವರ ಹಾಗೆ ಮುಂದುವರಿಯುವುದು ದಿನಕ್ಕೆ ಹಲವು ಸಲ ಆಗುತ್ತಿದ್ದರೆ ಅದು ಹಗಲುಗನಸು ಅಂತ ಬಿಡಬೇಡಿ. ಒಂದು ಬಗೆಯ ಮೂರ್ಛೆ ರೋಗ ಹಾಗೆಯೇ ಬರುತ್ತದೆ. ಅದಕ್ಕೆ ಔಷಧ ಇದೆ.

ರಕ್ತ ಕಡಿಮೆ ಇರುವ ಮಗು ಮಧ್ಯಾಹ್ನದ ಹೊತ್ತಿಗೆ ಸೋತು ಕೂರುತ್ತದೆ, ಗಮನ ನಿಲ್ಲುವುದಿಲ್ಲ. ಸಾಲಿಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆ ಮಕ್ಕಳ ಹೊಟ್ಟೆಗೆ ಹೋಗಲಿ, ಕಿಟಕಿ ಆಚೆಗಲ್ಲ. ಥೈರಾಯಿಡ್ ಕೊರತೆಯೂ ಮಗುವನ್ನು ಮಂದ ಮಾಡಬಲ್ಲದು. ಇವೆಲ್ಲ ಒಂದೆರಡು ವಾರದಲ್ಲಿ ಗೊತ್ತಾಗುವ ವಿಷಯ. ಮೊದಲು ಇವನ್ನು ನೋಡಿಸಿ ಅನ್ನುವುದು ಅದಕ್ಕೇ. ಆದರೆ ಚಷ್ಮಾ ಬಂತು, ಇನ್ನು ಎಲ್ಲ ಸರಿ ಹೋಗುತ್ತದೆ ಅಂತ ಎರಡು ವರ್ಷ ಕಾಯಬೇಡಿ. ಕಣ್ಣೂ ಸರಿ ಇಲ್ಲದೆ, ಓದಿನ ತೊಂದರೆಯೂ ಇರುವ ಮಕ್ಕಳಿದ್ದಾರೆ.

ಯಾವಾಗಿನಿಂದ? ಎಲ್ಲೆಲ್ಲಿ?

ಅಂಕ ಎಷ್ಟು ಬಂತು ಅನ್ನುವುದಕ್ಕಿಂತ ಈ ಎರಡು ಪ್ರಶ್ನೆ ಹೆಚ್ಚು ಕೆಲಸಕ್ಕೆ ಬರುತ್ತವೆ.

ಮೊದಲಿನಿಂದಲೂ ಅಕ್ಷರ ಹತ್ತದ ಮಗು ಒಂದು ಬಗೆ. ಐದನೇ ತರಗತಿವರೆಗೆ ಚೆನ್ನಾಗಿದ್ದು ಒಮ್ಮೆಲೇ ಕುಸಿದ ಮಗು ಇನ್ನೊಂದು ಬಗೆ. ಓದಿನ ನ್ಯೂನತೆ ಹೀಗೆ ರಾತ್ರಿ ಬೆಳಗಾಗುವುದರಲ್ಲಿ ಬರುವುದಿಲ್ಲ. ಕುಸಿತ ಹೊಸದಾಗಿದ್ದರೆ ಮನೆಯಲ್ಲಿ ಸಾವಾಗಿದೆಯಾ, ಅಪ್ಪ ಕುಡಿದು ಬರುತ್ತಾನಾ, ಸಾಲಿಯಲ್ಲಿ ಯಾರಾದರೂ ಕಾಡಿಸುತ್ತಾರಾ, ಯಾರಾದರೂ ಕೆಟ್ಟದಾಗಿ ಮುಟ್ಟಿದ್ದಾರಾ, ಆರೋಗ್ಯ ಕೆಟ್ಟಿದೆಯಾ ಅಂತ ನೋಡಬೇಕು. ಕೇಳುವುದು ಕಷ್ಟ. ಆದರೂ ಕೇಳಬೇಕು.

‘ಎಲ್ಲೆಲ್ಲಿ’ ಅನ್ನುವ ಪ್ರಶ್ನೆ ಚಂಚಲ ಮಕ್ಕಳ ವಿಷಯದಲ್ಲಿ ಮುಖ್ಯ. ಈಗ ಸ್ವಲ್ಪ ಓಡಾಡುವ ಮಗುವಿಗೆಲ್ಲ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆ) ಅನ್ನುವ ಚಾಳಿ ಬಂದಿದೆ. ಡಾಕ್ಟರುಗಳು ಹಾಗೆ ಹೇಳಬೇಕಾದರೆ ಆ ಲಕ್ಷಣ ಕನಿಷ್ಠ ಆರು ತಿಂಗಳು ಇರಬೇಕು, 12 ವರ್ಷದ ಒಳಗೇ ಕಾಣಿಸಿಕೊಂಡಿರಬೇಕು, ಮನೆ–ಸಾಲಿ ಹೀಗೆ ಎರಡು ಕಡೆಯಾದರೂ ಇರಬೇಕು. ಗರಡಿ ಮನೆಯಲ್ಲಿ ಗುರು ಹೇಳಿದ್ದನ್ನು ಗಂಟೆಗಟ್ಟಲೆ ಕೇಳುವ ಹುಡುಗ, ಓದಿನ ಪಿರಿಯಡ್‌ನಲ್ಲಿ ಮಾತ್ರ ಕುಣಿದಾಡಿದರೆ ಅವನಿಗೆ ಓದೇ ಮುಳ್ಳಾಗಿರಬಹುದು. ಉಡಾಳ ಅನ್ನಿಸಿಕೊಳ್ಳುವುದು ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ವಾಸಿ ಅಂತ ಎಂಟು ವರ್ಷದ ಮಗುವಿಗೂ ಗೊತ್ತು. ಇದಕ್ಕೆ ವಿರುದ್ಧವಾಗಿ, ಮೂಲೆಯಲ್ಲಿ ಸುಮ್ಮನೆ ಕೂತು ಕಿಟಕಿ ನೋಡುವ ಹುಡುಗಿಗೂ ಗಮನದ ತೊಂದರೆ ಇರಬಹುದು. ಯಾರಿಗೂ ಕಾಟ ಕೊಡದ ಕಾರಣ ಅವಳನ್ನು ಯಾರೂ ಗಮನಿಸುವುದಿಲ್ಲ.

ಮನೆಯವರು ಸಮಾಧಾನಕ್ಕೆ ಹೇಳುವ ಒಂದು ಮಾತಿದೆ. “ಅವರಪ್ಪನೂ ಹಿಂಗಾ ಇದ್ದ ಬಿಡ್ರಿ, ಮುಂದ ಸುಧಾರಿಸಿದ.” ಈ ಮಾತು ಕೇಳಿದಾಗ ನಾನು ಪೆನ್ನು ತೆಗೆದು ಬರೆದುಕೊಳ್ಳುತ್ತಿದ್ದೆ. ಓದಿನ ನ್ಯೂನತೆ ಮನೆತನದಲ್ಲಿ ಹರಿದು ಬರುವುದುಂಟು. ಅಪ್ಪ ಹಾಗೇ ಇದ್ದ ಅನ್ನುವುದು ಕಾಯಲು ಕಾರಣ ಅಲ್ಲ, ಬೇಗ ನೋಡಿಸಲು ಕಾರಣ. ಆ ಅಪ್ಪನನ್ನು ಪಕ್ಕಕ್ಕೆ ಕರೆದು ಕೇಳಿದರೆ ಈಗಲೂ ಅರ್ಜಿ ತುಂಬಲು ಬೇರೆಯವರ ಕೈ ಹಿಡಿಯುತ್ತಾನೆ ಅಂತ ತಿಳಿಯುತ್ತದೆ.

ಹತ್ತು ವಾರದ ಪ್ರಯತ್ನ

ಕಿವಿ ಕಣ್ಣು ನೋಡಿಸಿದ್ದಾಯಿತು. ಇನ್ನು ಕಲಿಸಿದ್ದೇ ಸಾಲದೋ, ಮಗುವಿಗೆ ನಿಜವಾಗಿ ತೊಂದರೆ ಇದೆಯೋ? ಇದನ್ನು ಮಾತಿನಲ್ಲಿ ಬಗೆಹರಿಸಲು ಆಗುವುದಿಲ್ಲ. ಕಲಿಸಿಯೇ ನೋಡಬೇಕು. ಸರಿಯಾದ ನೆರವು ಕೊಟ್ಟ ಮೇಲೂ ಆರು ತಿಂಗಳು ಕಷ್ಟ ಹಾಗೇ ಉಳಿದರೆ ಮಾತ್ರ ಕಲಿಕಾ ನ್ಯೂನತೆ ಅನ್ನಬಹುದು ಅಂತ ರೋಗ ಗುರುತಿಸುವ ಅಳತೆಗೋಲೇ ಹೇಳುತ್ತದೆ. ಆರು ತಿಂಗಳು ಮುಗಿಯುವವರೆಗೆ ಬಾಗಿಲು ತಟ್ಟಬಾರದು ಅಂತ ಅದರ ಅರ್ಥ ಅಲ್ಲ. ಹತ್ತು ವಾರದಲ್ಲೇ ದಿಕ್ಕು ತಿಳಿಯುತ್ತದೆ.

ನಾನು ಮಾಡುತ್ತಿದ್ದದ್ದು ಹೀಗೆ. ಮೊದಲ ದಿನ ಮಗು ನಿಜವಾಗಿ ಎಲ್ಲಿದೆ ಅಂತ ನೋಡುವುದು. ಇದರಲ್ಲಿ ಮೋಸ ಹೋಗುವುದು ಬಹಳ ಸುಲಭ. ಕೆಲವು ಮಕ್ಕಳು ಪಾಠವನ್ನೇ ಬಾಯಿಪಾಠ ಮಾಡಿ, ಬೆರಳು ಸರಿಸುತ್ತಾ ಗಳಗಳ ‘ಓದುತ್ತಾರೆ’. ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿ. ನಿಂತುಬಿಡುತ್ತಾರೆ. ಅರ್ಥವೇ ಇಲ್ಲದ ಪದ ಬರೆದು ಕೊಡಿ: ‘ತಮುಲಿ’, ‘ಬೊಗಚಿ’, ‘ನೆಪಾದು’. ಊಹೆಯಿಂದ ಓದುವ ಮಗು ಇದನ್ನು ‘ತುಂಬಲಿ’, ‘ಬುಗುರಿ’ ಅಂತ ಗೊತ್ತಿರುವ ಪದಕ್ಕೆ ಎಳೆಯುತ್ತದೆ. ಆಮೇಲೆ ಪುಸ್ತಕ ಮುಚ್ಚಿ ಬರೀ ಬಾಯಿಮಾತಿನಲ್ಲಿ ಕೇಳಿ: “‘ಕಮಲ’ದಾಗ ‘ಕ’ ತಗದ್ರ ಏನು ಉಳಿತೈತಿ?” ಮೂರನೇ ತರಗತಿಯ ಮಗುವಿಗೆ ಇದು ಆಟ. ಸದ್ದುಗಳನ್ನು ಬಿಡಿಸಿ ಹಿಡಿಯಲು ಕಷ್ಟ ಇರುವ ಮಗುವಿಗೆ ಇದೇ ಬೆಟ್ಟ. ಓದಿನ ನ್ಯೂನತೆಯ ಬೇರು ಬಹಳ ಸಲ ಇಲ್ಲಿ ಇರುತ್ತದೆ, ಕಣ್ಣಿನಲ್ಲಿ ಅಲ್ಲ.

ಆಮೇಲೆ ಮಗು ಇರುವ ಜಾಗದಿಂದಲೇ ಶುರು ಮಾಡಬೇಕು, ತರಗತಿಯ ಪುಸ್ತಕದಿಂದಲ್ಲ. ನಾಲ್ಕನೇ ತರಗತಿಯವನಿಗೆ ಕಾಗುಣಿತ ಬರದಿದ್ದರೆ ಕಾಗುಣಿತದಿಂದ. ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ, ಒಬ್ಬರೇ ಕಲಿಸಬೇಕು. ಎರಡು ಗಂಟೆ ಟ್ಯೂಷನ್‌ನಲ್ಲಿ ಮೂವತ್ತು ಮಕ್ಕಳ ನಡುವೆ ಹೋಂವರ್ಕ್ ನಕಲು ಮಾಡುವುದು ಇದಕ್ಕೆ ಬದಲಿ ಆಗದು. ಹದಿನೈದು ದಿನಕ್ಕೊಮ್ಮೆ ಅದೇ ಮಟ್ಟದ ಹೊಸ ಪಾಠ ಕೊಟ್ಟು, ಒಂದು ನಿಮಿಷದಲ್ಲಿ ಎಷ್ಟು ಪದ ಸರಿ ಓದಿದ ಅಂತ ತಾರೀಕು ಹಾಕಿ ಬರೆದಿಡಬೇಕು.

ಉದಾಹರಣೆಗೆ, ಒಬ್ಬನ ಲೆಕ್ಕ 9, 13, 18, 24 ಅಂತ ಏರಿತು ಅಂದುಕೊಳ್ಳಿ. ಇವನಿಗೆ ಕಲಿಸಿದವರಿರಲಿಲ್ಲ, ಅಷ್ಟೇ. ಮುಂದುವರಿಸಿ. ಇನ್ನೊಬ್ಬನದು 9, 10, 9, 11. ಕಲಿಸಿದವರು ಅವರೇ, ಹೊತ್ತು ಅಷ್ಟೇ, ಮಗುವೂ ಮನಸ್ಸಿಟ್ಟು ಕೂತಿದೆ. ಇವನನ್ನು ತಪಾಸಣೆಗೆ ಕರೆದುಕೊಂಡು ಹೋಗಿ. ಆ ಹಾಳೆಯನ್ನೂ, ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ. ಅಂಕಪಟ್ಟಿಗಿಂತ ಅವು ಹೆಚ್ಚು ಹೇಳುತ್ತವೆ.

ಗಣಿತಕ್ಕೂ ಇದೇ ದಾರಿ. ಸಂತೆಯಲ್ಲಿ ಚಿಲ್ಲರೆ ಲೆಕ್ಕ ಹಾಕುವವನಿಗೆ ಪಾಟಿಯ ಮೇಲೆ ಕಳೆಯುವ ಲೆಕ್ಕ ಬರದಿದ್ದರೆ ತೊಡಕು ಬರೆಯುವ ರೀತಿಯಲ್ಲಿದೆ. ಐದು ದೊಡ್ಡದೋ ಎಂಟು ದೊಡ್ಡದೋ ಅಂತ ಹತ್ತು ವರ್ಷಕ್ಕೂ ಬೆರಳು ಮಡಿಸಿಯೇ ನೋಡಬೇಕಾದರೆ ಅದು ಬೇರೆ.

ಕಾಯಬಾರದ ಮಕ್ಕಳು

ಮೇಲೆ ಹೇಳಿದ ಹತ್ತು ವಾರ ಎಲ್ಲರಿಗೂ ಅಲ್ಲ. ಎರಡು ವರ್ಷ ತುಂಬಿದರೂ “ಅವ್ವಾ ಬಾ”, “ನೀರು ಕೊಡು” ಅಂತ ಎರಡು ಪದ ಕೂಡಿಸದ ಮಗು, ಹೆಸರು ಕರೆದರೆ ತಿರುಗದ, ಕಣ್ಣು ಕೂಡಿಸದ, ಬೆರಳು ಮಾಡಿ ಏನನ್ನೂ ತೋರಿಸದ ಮಗು, ನಡಿಗೆ–ಮಾತು–ಊಟ–ಬಟ್ಟೆ ಎಲ್ಲದರಲ್ಲೂ ಓರಗೆಯವರಿಗಿಂತ ಹಿಂದೆ ಇರುವ ಮಗು, ಇವರಿಗೆ ಈ ವಾರವೇ ತಪಾಸಣೆ ಮಾಡಿಸಿ. ಬಂದ ಮಾತು ಹೋದರೆ, ಕಲಿತದ್ದು ಮರೆತರೆ ಯಾವ ವಯಸ್ಸಾದರೂ ಸರಿ, ತಕ್ಷಣ. “ಅವರಜ್ಜ ಐದು ವರ್ಷಕ್ಕ ಮಾತಾಡಿದ್ದ” ಅಂತ ಹೇಳುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ಹಾಗೇ ಕಾದು ಮಾತು ಬಾರದೇ ಉಳಿದವರ ಕಥೆ ಯಾರೂ ಹೇಳುವುದಿಲ್ಲ, ಅಲ್ವಾ? ತಪ್ಪು ಅನುಮಾನದಿಂದ ಹೋದರೆ ನಷ್ಟ ಒಂದು ದಿನದ ಕೂಲಿ. ತಪ್ಪು ಧೈರ್ಯದಿಂದ ಕೂತರೆ ಬೆಳೆಯುವ ವರ್ಷಗಳೇ ಹೋಗುತ್ತವೆ.

ಸಾಲಿ ಅಂದರೆ ಹೊಟ್ಟೆನೋವು, ವಾಂತಿ, ಹಾಸಿಗೆ ಒದ್ದೆ, ‘ನಾ ಸತ್ತ ಹೋಗ್ತೀನಿ’ ಅನ್ನುವ ಮಾತು ಶುರುವಾದ ಮಗುವೂ ಈ ಪಟ್ಟಿಗೇ ಸೇರುತ್ತದೆ. ಸಾಯುವ ಮಾತನ್ನು ಸಣ್ಣ ಮಗು ಆಡಿದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮನಸ್ಸಿನ ತೊಂದರೆಗೆ 14416 ಟೆಲಿ ಮಾನಸ್ ಉಚಿತ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲಿಗೆ ಹೋಗುವುದು?

ಸರ್ಕಾರಿ ಸಾಲಿಯ ಮಗುವಿಗೆ ಬಾಗಿಲು ಸಾಲಿಯಲ್ಲೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ, ಜನ ಅನ್ನುವಂತೆ ಆರ್‌ಬಿಎಸ್‌ಕೆ ಡಾಕ್ಟರು, ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸಾಲಿಗೆ ಒಂದು ಸಲ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ತೊಂದರೆಗಳೂ ಅವರ ಪಟ್ಟಿಯಲ್ಲಿವೆ. ನೂರಾರು ಮಕ್ಕಳನ್ನು ಒಂದೇ ದಿನ ನೋಡುವಾಗ ಹಲ್ಲು, ಚರ್ಮ ಕಾಣುತ್ತದೆ, ಓದಿನ ಕಷ್ಟ ಕಾಣುವುದಿಲ್ಲ. ಅದಕ್ಕೇ ಅವರು ಬರುವ ಮೊದಲೇ ಹೆಸರು ಬರೆದಿಟ್ಟುಕೊಂಡು “ಈ ಮಗುವನ್ನ ನೋಡ್ರಿ” ಅಂತ ಶಿಕ್ಷಕರು ಹೇಳಬೇಕು. ಅಲ್ಲಿಂದ ಮುಂದಿನ ತಪಾಸಣೆಗೆ ಡಿಇಐಸಿ ಅನ್ನುವ ಜಿಲ್ಲಾ ಮಟ್ಟದ ಶೀಘ್ರ ನೆರವಿನ ಕೇಂದ್ರಕ್ಕೆ ಕಳಿಸುತ್ತಾರೆ.

ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯ ಕಡೆಯಿಂದ ಹೋದರೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ. ಊರಿನ ಸಿಆರ್‌ಪಿಯನ್ನು, ಅಂದರೆ ಸಮೂಹ ಸಂಪನ್ಮೂಲ ವ್ಯಕ್ತಿಯನ್ನು, ಕೇಳಿದರೆ ಅವರ ನಂಬರ್ ಸಿಗುತ್ತದೆ. ಬೆಳಗಾವಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಿಮ್ಸ್ ಇದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಊರುಗಳಲ್ಲಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿ ಮಕ್ಕಳ ವಿಭಾಗದಿಂದ ಶುರು ಮಾಡಬಹುದು. ತೊಡಕಿನ ಪ್ರಕರಣಗಳಿಗೆ ನಮ್ಮ ಭಾಗದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಮಾತು ಮತ್ತು ಕಿವಿಗೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ಹೆಸರುವಾಸಿ, ಆದರೆ ದೂರ.

ಧಾರವಾಡ ಅಂದ ಕೂಡಲೇ ಮನೆಯಲ್ಲಿ ಗದ್ದಲ ಆಗುವುದು ನನಗೆ ಗೊತ್ತು. “ನಮ್ಮ ಕೂಸಿಗೇನು ಹುಚ್ಚ ಹಿಡದೈತೇನ್ರಿ?” ನಮ್ಮ ಕಡೆ ಯಾರನ್ನಾದರೂ ಹಂಗಿಸಬೇಕಾದರೆ ಧಾರವಾಡಕ್ಕೆ ಕಳಿಸಬೇಕು ಅನ್ನುವ ರೂಢಿ. ಹಾಗೆ ಕೇಳಿದ ಅಜ್ಜಿಯರ ಜೊತೆ ನಾನು ವಾದ ಮಾಡಲಿಲ್ಲ. ಕಣ್ಣಿನ ದವಾಖಾನಿಗೆ ಹೋಗೋದಕ್ಕೂ ಇದಕ್ಕೂ ಏನು ಫರಕು ಅಂತ ಮಾತ್ರ ಕೇಳಿದೆ. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ.

ಖಾಸಗಿಯಾಗಿ ಮಾಡಿಸುವುದಾದರೆ ಒಂದು ವಿಷಯ ಕೇಳಿಕೊಳ್ಳಿ. ಪರೀಕ್ಷೆ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಾಯಿಸಿದ್ದಾರಾ? ನಂಬರ್ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಮೆದುಳಿನ ಸ್ಕ್ಯಾನ್ ತೆಗೆದು ಡಿಸ್ಲೆಕ್ಸಿಯಾ ಹೇಳುತ್ತೇವೆ, ಬೆರಳಚ್ಚು ನೋಡಿ ಬುದ್ಧಿ ಹೇಳುತ್ತೇವೆ, ಟಾನಿಕ್ ಕೊಟ್ಟು ಓದಿಸುತ್ತೇವೆ ಅನ್ನುವವರಿಂದ ದೂರ ಇರಿ. ಓದಿನ ನ್ಯೂನತೆಗೆ ಮಾತ್ರೆ ಇಲ್ಲ. ಬಗೆ ಬದಲಿಸಿ, ಬಿಡಿಸಿ ಬಿಡಿಸಿ, ಮತ್ತೆ ಮತ್ತೆ ಕಲಿಸುವುದೇ ಅದಕ್ಕೆ ಔಷಧ.

ಒಳಗೆ ಏನು ಮಾಡುತ್ತಾರೆ? ಮೊದಲು ಅವ್ವ ಅಪ್ಪನ ಜೊತೆ ಮಾತು: ಹೆರಿಗೆ ಹೇಗಾಯಿತು, ಹುಟ್ಟಿದ ಕೂಡಲೇ ಅತ್ತಿತ್ತಾ, ಯಾವಾಗ ನಡೆಯಿತು, ಯಾವಾಗ ಮಾತಾಡಿತು. ಆಮೇಲೆ ಬುದ್ಧಿಯ ಪರೀಕ್ಷೆ. ಇಲ್ಲೊಂದು ನಮ್ಮ ಕಡೆಯ ಹೆಮ್ಮೆಯ ವಿಷಯ ಇದೆ. ದೇಶದಲ್ಲಿ ಈಗಲೂ ಹಲವು ಕಡೆ ಬಳಸುವ ಬಿನೆ–ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತ್ 1930ರ ದಶಕದಲ್ಲಿ ಸಿದ್ಧಪಡಿಸಿದ್ದು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ. ಬಹಳ ಹಳೆಯದಾಯಿತು ಅನ್ನುವ ದೂರು ಸರಿಯೇ. ಆದರೆ ಮಗುವಿನ ಮಾತಿನಲ್ಲೇ ಮಗುವನ್ನು ಕೇಳಬೇಕು ಅನ್ನುವ ಯೋಚನೆ ಇಲ್ಲಿ ಅಷ್ಟು ಹಿಂದೆಯೇ ಇತ್ತು. ನೀವೂ ಅದನ್ನೇ ಕೇಳಿ: “ಪರೀಕ್ಷೆ ಯಾವ ಭಾಷೆಯಲ್ಲಿ?” ಮನೆಯಲ್ಲಿ ಲಂಬಾಣಿ, ಸಾಲಿಯಲ್ಲಿ ಕನ್ನಡ ಇರುವ ಮಗುವಿಗೆ ಇಂಗ್ಲಿಷಿನಲ್ಲಿ ಓದಿಸಿ ಬರೆದ ವರದಿಗೆ ಬೆಲೆ ಕಡಿಮೆ. ಬುದ್ಧಿ ಪರೀಕ್ಷೆಯ ನಂತರ ಓದು, ಬರಹ, ಲೆಕ್ಕ, ಗಮನ ಇವನ್ನು ಬಿಡಿ ಬಿಡಿಯಾಗಿ ನೋಡುತ್ತಾರೆ. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳ ಗುಚ್ಛ ಬಳಕೆಯಲ್ಲಿದೆ. ಎರಡು ಮೂರು ಸಲ ಹೋಗಬೇಕಾಗಬಹುದು. ಅರ್ಧ ಗಂಟೆಯಲ್ಲಿ ಎಲ್ಲ ಹೇಳಿ ಕಳಿಸಿದರೆ ನನಗೆ ಅನುಮಾನ.

ಸರ್ಟಿಫಿಕೇಟ್ ಮಾತು

1995ರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದೂ ಸೇರಿತು. ಎಂಟು ವರ್ಷ ತುಂಬಿದ ಮೇಲೆ ಇದರ ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕಿಂತ ಮೊದಲು ತಡವಾಗಿ ಕಲಿಯುವ ಮಗುವನ್ನೂ ನಿಜವಾದ ನ್ಯೂನತೆ ಇರುವ ಮಗುವನ್ನೂ ಬೇರ್ಪಡಿಸುವುದು ಕಷ್ಟ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಸಮಯ, ಬರೆಯುವವರ ನೆರವು ಇಂಥ ಸೌಲಭ್ಯಕ್ಕೆ ಪ್ರಮಾಣಪತ್ರ ಬೇಕು. ಹತ್ತನೇ ತರಗತಿಯ ಡಿಸೆಂಬರ್‌ನಲ್ಲಿ ಓಡಿ ಬರುವ ಪಾಲಕರನ್ನು ನೋಡಿದ್ದೇನೆ. ಅಷ್ಟು ಹೊತ್ತಿಗೆ ಕಾಗದ ಕೈಗೆ ಬಂದರೂ ಕಲಿಸುವ ಕಾಲ ಮುಗಿದಿರುತ್ತದೆ.

ಆದರೆ ತರಗತಿಯಲ್ಲಿ ನೆರವು ಕೊಡಲು ಯಾವ ಕಾಗದವೂ ಬೇಕಿಲ್ಲ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನೆ ಕೊಡುವುದು ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಸಾಲಿಗಳ ಹೊಣೆ ಅಂತ ಅದೇ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ‘ಮೊದಲು ಸರ್ಟಿಫಿಕೇಟ್ ತನ್ನಿ’ ಅನ್ನುವ ಸಾಲಿಗೆ ಈ ಸೆಕ್ಷನ್ ತೋರಿಸಿ.

ತಪಾಸಣೆ ಮಾಡಿಸಿದರೂ ಯಾವ ಪಟ್ಟಿಗೂ ಬೀಳದ ಮಕ್ಕಳಿದ್ದಾರೆ. ಬುದ್ಧಿಯ ಅಳತೆ, ಅಂದರೆ ಐಕ್ಯೂ, ಸುಮಾರು 70ರಿಂದ 85ರ ನಡುವೆ ಇರುವ, ನಾವು ‘ಸ್ಲೋ ಲರ್ನರ್’ ಅನ್ನುವ ಮಕ್ಕಳು. ಇವರಿಗೆ ಕಾಯ್ದೆಯಲ್ಲಿ ಜಾಗ ಇಲ್ಲ, ಪ್ರಮಾಣಪತ್ರ ಸಿಗುವುದಿಲ್ಲ. ಎಲ್ಲ ಸಾಲಿಗಳಲ್ಲೂ ಇವರಿದ್ದಾರೆ, ಯಾರ ಹೊಣೆಯೂ ಅಲ್ಲ ಅನ್ನುವ ಹಾಗೆ. ವರದಿ ಹೀಗೆ ಬಂದರೆ ಹಣ ದಂಡ ಆಯಿತು ಅಂದುಕೊಳ್ಳಬೇಡಿ. ಎಷ್ಟು ಭಾರ ಹೊರಿಸಬಹುದು, ಎಷ್ಟು ನಿಧಾನ ಹೋಗಬೇಕು ಅಂತ ಗೊತ್ತಾಯಿತಲ್ಲ, ಇನ್ನು ಮೇಲಾದರೂ ಹೊಡೆತ ನಿಲ್ಲುತ್ತದೆ.

ಹೋಗುವ ಹಿಂದಿನ ರಾತ್ರಿ ಮಗುವಿಗೆ ಏನು ಹೇಳುವುದು ಅಂತ ಬಹಳ ಪಾಲಕರು ಕೇಳುತ್ತಾರೆ. ಜಾತ್ರೆಗೆ ಹೋಗೋಣ ಅಂತ ಸುಳ್ಳು ಹೇಳಬೇಡಿ, ದಾರಿಯಲ್ಲೇ ಗೊತ್ತಾಗುತ್ತದೆ. ನಾನು ಒಮ್ಮೆ ಒಬ್ಬ ಹುಡುಗನಿಗೆ ಅವನ ಅವ್ವನ ಮುಂದೆಯೇ ಹೇಳಿದೆ: “ನಿನಗ ಓದೂದು ಯಾಕ ಇಷ್ಟ ತ್ರಾಸ ಆಗತೈತಿ ಅಂತ ನಮಗ ತಿಳಿವಲ್ದು. ತಿಳಿದವ್ರನ್ನ ಕೇಳಾಕ ಹೊಂಟೀವಿ. ನಿಂದೇನೂ ತಪ್ಪಿಲ್ಲ.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಎರಡೇ ಪ್ರಶ್ನೆ ಕೇಳಿದ. ಸೂಜಿ ಚುಚ್ತಾರೇನ್ರಿ? ಇಲ್ಲ ಅಂದೆ. ಬಸ್ಸಿನ್ಯಾಗ ಕಿಡಕಿ ಕಡೆ ಕುಂಡರಬಹುದಾ?